ಬರೂದಿಲ್ಲ ಅಂತ ಹೇಳಾಕ ಬಂದೀನ್ರಿ

(ಹುಬ್ಬಳ್ಳಿಯಲ್ಲಿ ಕೊನೆಯ ವರ್ಷದ ಕಾನೂನು ವಿದ್ಯಾರ್ಥಿಗಳು ಮತ್ತು ಹೊಸದಾಗಿ ಸನ್ನದು ಪಡೆದ ವಕೀಲರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹೋದ ಮಳೆಗಾಲದಲ್ಲಿ ಒಂದು ಸಂಜೆ ನನ್ನ ಆಫೀಸಿನ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಕೊಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಗದಗಿನಿಂದ ರೈಲಿನಲ್ಲಿ ಬಂದವಳು. ಮರುದಿನ ಸಂಜೆ ಆರಕ್ಕೆ ಅವಳಿಗೆ ನಮ್ಮ ಆಫೀಸಿನಲ್ಲಿ ಇಂಟರ್‌ವ್ಯೂ ಇತ್ತು. ದಿನ ತಪ್ಪಿ ಬಂದಿದ್ದಾಳೆ ಅಂದುಕೊಂಡು, "ನಾಳೆ ಅಲ್ಲೇನವಾ ನಿಂದು?" ಅಂತ ಕೇಳಿದೆ.

"ಹೌದ್ರಿ ಸರ್. ನಾಳೆ ನಾ ಬರೂದಿಲ್ಲ ಅಂತ ಹೇಳಾಕ ಬಂದೀನ್ರಿ."

ಒಳಗೆ ಕರೆದು ಕೂರಿಸಿದೆ. ಚಹಾ ತರಿಸಿದೆ. ಅಪ್ಪನಿಗೆ ಆರಾಮಿಲ್ಲ, ಮನೆಯಲ್ಲಿ ದುಡಿಯುವವಳು ತಾನೊಬ್ಬಳೇ, ಬೆಂಗಳೂರಿನ ಒಂದು ಕಂಪನಿಯ ಲೀಗಲ್ ವಿಭಾಗದಲ್ಲಿ ಕೆಲಸ ಸಿಕ್ಕಿದೆ ಅಂದಳು. ಯಾವುದೋ ಕಾಗದದ ಕೆಲಸಕ್ಕೆ ಹುಬ್ಬಳ್ಳಿಗೆ ಬಂದಿದ್ದಳಂತೆ. ಫೋನಿನಲ್ಲಿ ಹೇಳೋದಕ್ಕಿಂತ ಬಂದೇ ಹೇಳೋಣ ಅನ್ನಿಸಿತಂತೆ. ಐದು ನಿಮಿಷದ ಮಾತು. ಚಹಾ ಕುಡಿದು ಹೋದಳು.

ನನಗೆ ವಕೀಲಿಯಲ್ಲಿ 28 ವರ್ಷ ಆಯಿತು. ಕರೆದರೂ ಬಾರದವರನ್ನು ಬಹಳ ಮಂದಿಯನ್ನು ಕಂಡಿದ್ದೇನೆ. ಬರೋದಿಲ್ಲ ಅಂತ ಹೇಳೋಕೆ ಬಂದವಳು ಅವಳೊಬ್ಬಳೇ. ಅವಳು ಹೋದ ಮೇಲೆ ಪಟ್ಟಿಯಲ್ಲಿ ಮುಂದಿನ ಹೆಸರು ನೋಡಿದೆ. ರಾಣೆಬೆನ್ನೂರು ಕಡೆಯ ಹುಡುಗ. ಎರಡು ದಿನದ ಹಿಂದೆ ಅವನಿಗೆ ನಾನೇ "ಸದ್ಯ ಯಾವ ಸಮಯವೂ ಖಾಲಿ ಇಲ್ಲ" ಅಂದಿದ್ದೆ. ಫೋನ್ ಮಾಡಿದೆ. ಮರುದಿನ ಆರಕ್ಕೆ ಬಂದ. ಈಗ ನಮ್ಮ ಆಫೀಸಿನಲ್ಲೇ ಇದ್ದಾನೆ.

ಸಂಘಟಕರು ನನ್ನನ್ನು ಇಂಟರ್‌ವ್ಯೂ ಎದುರಿಸುವುದು ಹೇಗೆ ಅನ್ನೋದರ ಬಗ್ಗೆ ಮಾತಾಡಿ ಅಂತ ಕೇಳಿದ್ದರು. ಅದನ್ನು ಹೇಳಿಕೊಡುವವರು ನಿಮಗೆ ಬೇಕಾದಷ್ಟು ಮಂದಿ ಸಿಗುತ್ತಾರೆ. ಇಂಟರ್‌ವ್ಯೂ ಬೇಡ ಅನ್ನುವುದು ಹೇಗೆ ಅಂತ ಯಾರೂ ಹೇಳಿಕೊಡೋದಿಲ್ಲ. ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಹಾಗಾಗಿ ಇವತ್ತು ಅದನ್ನೇ ಮಾತಾಡುತ್ತೇನೆ.

ನಮ್ಮ ಕಡೆ ಮುಖದ ಮೇಲೆ ಇಲ್ಲ ಅನ್ನೋದು ಕಷ್ಟ. ಹೊರಡುವಾಗ ಕೂಡ "ಹೋಗ್ತೀನಿ" ಅನ್ನೋದಿಲ್ಲ, "ಬರ್ತೀನ್ರಿ" ಅಂತೀವಿ. ಒಲ್ಲದ ಮಾತಿಗೆ "ನೋಡೂಣ್ರಿ" ಅಂತೀವಿ. "ಆತ್ರಿ" ಅನ್ನೋ ಮಾತಿಗೆ ಒಪ್ಪಿದೆ ಅಂತಲೂ ಅರ್ಥ, ಕೇಳಿಸಿಕೊಂಡೆ ಅಂತಲೂ ಅರ್ಥ. ಎದುರಿಗಿದ್ದವರ ಮನಸ್ಸು ನೋಯಬಾರದು ಅನ್ನೋ ಕಾಳಜಿ ಇದರ ಒಳಗಿದೆ. ನನಗೆ ಅದು ಇಷ್ಟ. ಆದರೆ ಕೆಲಸದ ಮಾತಿಗೆ ಇದು ಸಾಲೋದಿಲ್ಲ. "ಮಂಗಳವಾರ ಆರಕ್ಕೆ ಬಾ" ಅಂದವರಿಗೆ "ಆತ್ರಿ" ಅಂದರೆ ಅವರು ಮಂಗಳವಾರ ಆರಕ್ಕೆ ಕಾಯುತ್ತಾರೆ.

ಹಾಗಂತ ಬೇಡ ಅನ್ನೋದು ನಮಗೆ ಬರದೇ ಇರೋ ವಿದ್ಯೆ ಏನಲ್ಲ. ಊಟದ ಪಂಕ್ತಿ ನೆನಪು ಮಾಡಿಕೊಳ್ಳಿ. ಮೂರನೇ ಹೋಳಿಗೆ ಬಂದಾಗ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, ತಲೆ ಎತ್ತಿ, "ಸಾಕ್ರಿ, ಹೊಟ್ಟಿ ತುಂಬೇತಿ" ಅಂತೀವಿ. ಬಡಿಸುವವರಿಗೆ ಬೇಜಾರಾಗೋದಿಲ್ಲ. ಮುಂದಿನ ಎಲೆಗೆ ಹೋಗುತ್ತಾರೆ. ಸುಮ್ನೆ ಬಡಿಸಿಕೊಂಡು ಎಲೆಯಲ್ಲೇ ಬಿಟ್ಟು ಎದ್ದರೆ ಬೇಜಾರು. ಇಂಟರ್‌ವ್ಯೂ ವಿಷಯದಲ್ಲೂ ನಾನು ಹೇಳೋದು ಇದನ್ನೇ. ಬಡಿಸೋ ಮೊದಲು ಕೈ ಅಡ್ಡ ಹಿಡೀರಿ.

ನಾನು 1997ರಲ್ಲಿ ಸನ್ನದು ತೆಗೆದುಕೊಂಡೆ. ಆಗ ನಾನು ಕಂಡ ವಕೀಲರ ಆಫೀಸುಗಳಲ್ಲಿ ಇಂಟರ್‌ವ್ಯೂ ಅನ್ನೋ ಶಬ್ದವೇ ಇರಲಿಲ್ಲ. ಕಾಕಾನೋ ಸೋದರಮಾವನೋ ಕರೆದುಕೊಂಡು ಹೋಗುತ್ತಿದ್ದರು. ಸೀನಿಯರ್ ಒಮ್ಮೆ ಮೇಲಿಂದ ಕೆಳಗೆ ನೋಡಿ "ನಾಳಿಂದ ಬಾ" ಅನ್ನುತ್ತಿದ್ದರು. ಹೈಕೋರ್ಟ್ ಕೆಲಸ ಅಂದರೆ ರಾತ್ರಿ ಬಸ್ಸೋ ರೈಲೋ ಹತ್ತಿ ಬೆಂಗಳೂರಿಗೆ ಹೋಗಬೇಕು. 2008ರ ಜುಲೈ 4ರಂದು ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಶುರುವಾಯಿತು. 2013ರಲ್ಲಿ ಅದು ಕಾಯಂ ಆಯಿತು. ನಡುವೆ 2009ರಲ್ಲಿ ಇಲ್ಲೇ ನವನಗರದಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಬಂತು. ಆಮೇಲೆ ಎಲ್ಲವೂ ಬದಲಾಯಿತು. ಬೆಂಗಳೂರಿನ ವಕೀಲರು ಇಲ್ಲಿಗೆ ಬಂದು ಹೋಗಿ ಮಾಡತೊಡಗಿದರು. ಬ್ಯಾಂಕು, ಕಂಪನಿಗಳಿಗೂ ಜನ ಬೇಕಾಯಿತು. ಈಗ ಒಬ್ಬ ಹುಡುಗ ಒಂದೇ ವಾರದಲ್ಲಿ ಮೂರು ಕಡೆ ಅರ್ಜಿ ಹಾಕುತ್ತಾನೆ. ಹಾಕಲಿ, ಅದು ಅವನ ಹಕ್ಕು. ಮೂರು ಕಡೆ ಅರ್ಜಿ ಹಾಕಿದವನು ಎರಡು ಕಡೆ ಇಲ್ಲ ಅನ್ನಲೇಬೇಕು ಅಲ್ವಾ?

ಆದರೆ ಊರು ದೊಡ್ಡದಾದಷ್ಟು ವಕೀಲರ ಲೋಕ ದೊಡ್ಡದಾಗಿಲ್ಲ. ಹುಬ್ಬಳ್ಳಿಯ ತಿಮ್ಮಸಾಗರದ ಕೋರ್ಟಿನಲ್ಲಿ ಬೆಳಿಗ್ಗೆ ಕಂಡವರೇ ಮಧ್ಯಾಹ್ನ ಧಾರವಾಡದ ಬೇಲೂರಿನ ಹೈಕೋರ್ಟ್ ಪೀಠದಲ್ಲಿ ಸಿಗುತ್ತಾರೆ. ಸಂಜೆ ಚಿಗರಿ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲೂ ಅವರೇ ಇರುತ್ತಾರೆ. ಇಲ್ಲಿ ನಾನು ನನ್ನದೊಂದು ತಪ್ಪನ್ನು ಹೇಳಬೇಕು.

ಸನ್ನದು ತೆಗೆದುಕೊಂಡ ವರ್ಷವೇ ಧಾರವಾಡದ ಒಬ್ಬ ಹಿರಿಯ ವಕೀಲರು ನನಗೆ "ಭಾನುವಾರ ಒಂಬತ್ತಕ್ಕೆ ಮಾರ್ಕ್ಸ್ ಕಾರ್ಡ್ ತಗೊಂಡು ಮನೆಗೆ ಬಾ" ಅಂದಿದ್ದರು. ಸೋದರಮಾವ ಹೇಳಿ ಮಾಡಿಸಿದ ಭೇಟಿ. ಶನಿವಾರ ಸಂಜೆ ಹುಬ್ಬಳ್ಳಿಯ ಬೇರೆ ಆಫೀಸಿನಿಂದ "ಸೋಮವಾರದಿಂದ ಬಾ" ಅಂತ ಹೇಳಿಕಳಿಸಿದರು. ನನಗೆ ಖುಷಿಯೋ ಖುಷಿ. ಧಾರವಾಡದವರಿಗೆ ಹೇಳಬೇಕು ಅಂತ ಅನ್ನಿಸಿತು. ನಾನಿದ್ದ ಕೋಣೆಯ ಕೆಳಗೇ ಒಂದು ರೂಪಾಯಿ ಹಾಕಿ ಮಾತಾಡುವ ಫೋನ್ ಇತ್ತು. ಎರಡು ಸಲ ಹೋಗಿ ರಿಸೀವರ್ ಎತ್ತಿ ಇಟ್ಟೆ. ಏನು ಹೇಳಲಿ, ಅವರು ಏನಂದಾರು ಅನ್ನೋ ಅಂಜಿಕೆ. ಹೋಗದಿದ್ದರೆ ತಾನಾಗಿ ತಿಳಿಯುತ್ತದೆ ಅಂತ ಮಲಗಿಬಿಟ್ಟೆ.

ನಾಲ್ಕು ವರ್ಷ ಆದಮೇಲೆ ಒಂದು ಪಾಲು ವಾಟ್ನಿ ದಾವೆಯಲ್ಲಿ ಅವರು ಎದುರು ಪಕ್ಷದ ವಕೀಲರು. ನಮ್ಮ ಸಾಕ್ಷಿಯ ಪಾಟಿ ಸವಾಲಿನ ದಿನ ನನ್ನ ತಂದೆ ಆಸ್ಪತ್ರೆ ಸೇರಿದರು. ಮುದ್ದತ್ತು, ಅಂದರೆ ಮುಂದಿನ ತಾರೀಖು, ಕೇಳಲೇಬೇಕಿತ್ತು. ನ್ಯಾಯಾಧೀಶ ಸಾಹೇಬರು ಅವರ ಕಡೆ ನೋಡಿದರು. ಅವರು ಎದ್ದು ನಿಂತು "ನಮ್ಮದೇನೂ ತಕರಾರಿಲ್ಲ" ಅಂದರು. ಅಷ್ಟೇ. ಹೊರಗೆ ವರಾಂಡದಲ್ಲಿ ಅವರ ಹಿಂದೆ ಓಡಿ ಹೋಗಿ, ಆ ಭಾನುವಾರ ಬಾರದೇ ಇದ್ದವನು ನಾನೇ ಸರ್, ತಪ್ಪಾಯಿತು ಅಂದೆ. ಅವರಿಗೆ ನೆನಪಿತ್ತು.

"ಅವತ್ತ ನಮ್ಮೂರ ಜಾತ್ರಿ ಇತ್ತಪ್ಪ. ತೇರು ಬಿಟ್ಟು ಕುಂತಿದ್ದೆ. ಒಂದ್ ಫೋನ್ ಮಾಡಿದ್ದರ ಆಗ್ತಿತ್ತು."

ಬೈಲಿಲ್ಲ. ಕೈಯಲ್ಲಿದ್ದ ಫೈಲು ಬದಲಿಸಿಕೊಂಡು ಬೇರೆ ಕೋರ್ಟ್ ಹಾಲಿಗೆ ನಡೆದರು. ಬೈದಿದ್ದರೆ ನಾನು ಮರೆತುಬಿಡುತ್ತಿದ್ದೆನೇನೋ. ಈಗ ಅವರಿಲ್ಲ. ನಮ್ಮೂರ ಕಡೆ ತೇರು ಕಂಡಾಗಲೆಲ್ಲ ಅವರು ನೆನಪಾಗುತ್ತಾರೆ.

ಇದು ಬರೀ ಸಂಸ್ಕಾರದ ಮಾತು ಅಂತ ನೀವು ಅಂದುಕೊಳ್ಳಬಹುದು. ನನಗೆ ಇದು ವಕೀಲಿಯದೇ ಕೆಲಸ ಅಂತ ಕಾಣುತ್ತದೆ. ನಮ್ಮ ದಿನದ ಅರ್ಧ ಕೆಲಸ ಇಲ್ಲ ಅನ್ನೋದೇ. ಕುಂದಗೋಳದ ಕಡೆಯಿಂದ ಒಬ್ಬ ಅಜ್ಜ ಬರುತ್ತಾನೆ. ಪಂಚೆಯ ಗಂಟಿನಲ್ಲಿ ಹಳೇ ಕಾಗದ. ಹೊಲ ಬೇರೆಯವರ ವಶಕ್ಕೆ ಹೋಗಿ 30 ವರ್ಷ ಆಗಿದೆ. 1963ರ ಕಾಲಮಿತಿ ಕಾಯ್ದೆಯಲ್ಲಿ ಹಕ್ಕಿನ ಮೇಲೆ ಸ್ವಾಧೀನ ಕೇಳುವ ದಾವೆಗೆ 12 ವರ್ಷ. ಕಾಗದ ಎಲ್ಲ ಓದಿ, ದಾರಿ ಇಲ್ಲ ಅಂತ ಖಾತ್ರಿ ಆದಮೇಲೆ "ಇದು ನಿಲ್ಲೂದಿಲ್ಲಜ್ಜಾ" ಅಂತ ಹೇಳಬೇಕು. "ನೋಡೂಣು" ಅಂದರೆ ಅವನು ಮುದ್ದತ್ತಿನಿಂದ ಮುದ್ದತ್ತಿಗೆ ಬಸ್ ಚಾರ್ಜು ಕೊಟ್ಟು ಬರುತ್ತಲೇ ಇರುತ್ತಾನೆ. ಒಬ್ಬ ಸೀನಿಯರಿಗೆ ಇಂಟರ್‌ವ್ಯೂ ಬೇಡ ಅನ್ನೋಕೆ ಬಾಯಿ ಬರದವನಿಗೆ ಆ ಅಜ್ಜನ ಕಣ್ಣು ನೋಡಿ ಇಲ್ಲ ಅನ್ನೋಕೆ ಬರುತ್ತದೆಯೇ?

ಬಾರ್ ಕೌನ್ಸಿಲ್, ಅಂದರೆ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳನ್ನೂ ನೋಡಿ. ಹಿಡಿದ ಕೇಸನ್ನು ಬಿಡಬೇಕಾದರೆ ಸಾಕಷ್ಟು ಕಾರಣ ಇರಬೇಕು, ಕಕ್ಷಿದಾರನಿಗೆ ಸಾಕಷ್ಟು ಮುಂಚೆ ತಿಳಿಸಬೇಕು, ಮಾಡದ ಕೆಲಸದ ಫೀ ವಾಪಸ್ ಕೊಡಬೇಕು. ಅದು ಕಕ್ಷಿದಾರನಿಗಾಗಿ ಮಾಡಿದ ನಿಯಮ, ಇಂಟರ್‌ವ್ಯೂಗೆ ಅನ್ವಯ ಆಗೋದಿಲ್ಲ. ಆದರೂ ಹೇಳದೆ ಬಿಡಬಾರದು ಅನ್ನೋ ಅದರ ಜೀವ ಇಲ್ಲಿಗೂ ಬೇಕು.

ಇನ್ನು ಕಾರಣಗಳ ಮಾತು.

ದುಡ್ಡು ಸಾಲದು ಅಂತ ಬೇಡ ಅನ್ನೋಕೆ ನಾಚಿಕೊಳ್ಳಬೇಡಿ. 2024ರ ಅಕ್ಟೋಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಅಂತ ಸುತ್ತೋಲೆ ಹೊರಡಿಸಿತು. ಅದು ಸಲಹೆ, ಕಡ್ಡಾಯ ಅಲ್ಲ. ಕೊಡುವವರು ಕಡಿಮೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಹಾಸ್ಟೆಲ್ ಬಿಟ್ಟು ಬಾಡಿಗೆ ಕೋಣೆ ಹಿಡಿದವನಿಗೆ ಅದು ಹೊಟ್ಟೆಯ ಪ್ರಶ್ನೆ. ಇದೊಂದು ಕಾರಣವನ್ನು ಮಾತ್ರ ಬಾಯಿಬಿಟ್ಟು ಹೇಳಿ ಅಂತಲೇ ನನ್ನ ಸಲಹೆ. "ಸರ್, ಇಷ್ಟರಲ್ಲಿ ನನಗೆ ನಡೆಯೋದಿಲ್ಲ" ಅಂತ ಹೇಳುವವರು ಹೆಚ್ಚಾದರೆ ಮಾತ್ರ ನಮ್ಮಂಥವರು ಯೋಚನೆ ಮಾಡುತ್ತೇವೆ.

ಎರಡನೆಯದು ನಿಮ್ಮ ದಾರಿಯ ಲೆಕ್ಕ. 2025ರ ಮೇ 20ರಂದು ಸುಪ್ರೀಂ ಕೋರ್ಟ್ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿ ಮತ್ತೆ ಬೇಕು ಅಂತ ತೀರ್ಪು ಕೊಟ್ಟಿತು. ತಾತ್ಕಾಲಿಕ ನೋಂದಣಿಯ ದಿನದಿಂದ ಲೆಕ್ಕ. ಕನಿಷ್ಠ ಹತ್ತು ವರ್ಷದ ವಕೀಲಿ ಇರುವವರ ಸರ್ಟಿಫಿಕೇಟ್ ಬೇಕು. ಇನ್ನೊಂದು ಕಡೆ, ಪೂರ್ಣಾವಧಿ ಸಂಬಳದ ನೌಕರಿ ಹಿಡಿದ ವಕೀಲ ವಕೀಲಿ ನಿಲ್ಲಿಸಿ ಪರಿಷತ್ತಿಗೆ ತಿಳಿಸಬೇಕು ಅನ್ನುತ್ತದೆ ಬಾರ್ ಕೌನ್ಸಿಲಿನ 49ನೇ ನಿಯಮ. ಅಂದರೆ ಜಡ್ಜ್ ಆಗುವ ಆಸೆ ಇರುವವರು ಕಂಪನಿಯ ಇಂಟರ್‌ವ್ಯೂ ಕರೆ ಬಂದಾಗ ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಹೋಗಿ, ಆಯ್ಕೆಯಾಗಿ, ಆಮೇಲೆ ಇದನ್ನು ಓದಿ ಬಿಡುವುದಕ್ಕಿಂತ ಮೊದಲೇ ಬೇಡ ಅನ್ನೋದು ಒಳ್ಳೆಯದು.

ಹಾಗೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಲೀಗಲ್ ಏಡ್ ಡಿಫೆನ್ಸ್ ಕೌನ್ಸೆಲ್ ಹುದ್ದೆ. 2022ರಲ್ಲಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ (ನಾಲ್ಸಾ) ರೂಪಿಸಿದ ಯೋಜನೆ ಅದು. ಬಡ ಆರೋಪಿಗಳ ಪರ ಪೂರ್ಣಾವಧಿ ಕೆಲಸ, ಖಾಸಗಿ ಕೇಸು ಹಿಡಿಯುವಂತಿಲ್ಲ. ಅರ್ಜಿ ಹಾಕುವಾಗ ಇದನ್ನು ಓದದೆ, ಇಂಟರ್‌ವ್ಯೂ ದಿನ ಮನೆಯಲ್ಲೇ ಉಳಿದವರನ್ನು ನೋಡಿದ್ದೇನೆ. ಆಯ್ಕೆ ಸಮಿತಿಯಲ್ಲಿ ಪ್ರಧಾನ ಜಿಲ್ಲಾ ನ್ಯಾಯಾಧೀಶರು ಕಲಾಪದ ನಡುವೆ ಬಿಡುವು ಮಾಡಿಕೊಂಡು ಕೂತಿರುತ್ತಾರೆ. ಪ್ರಾಧಿಕಾರದ ಕಚೇರಿಗೆ ಎರಡು ಸಾಲಿನ ಪತ್ರ ಕೊಟ್ಟರೆ ಮುಗಿಯಿತು.

ಮೂರನೆಯ ಕಾರಣದ ಮೇಲೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ಅದು ಹೇಳಬಾರದ ಕಾರಣ. ನೀವು ಒಂದು ಆಫೀಸಿನಲ್ಲಿ ಜೂನಿಯರ್ ಇದ್ದೀರಿ ಅಂದುಕೊಳ್ಳಿ. ಅಲ್ಲಿ ಒಂದು ಭೂಸ್ವಾಧೀನದ ಕೇಸಿನ ಟಿಪ್ಪಣಿ ನೀವೇ ಬರೆದಿದ್ದೀರಿ. ಕಕ್ಷಿದಾರ ಸೀನಿಯರ್ ಮುಂದೆ ಕೂತು ರಾಜಿಗೆ ಎಷ್ಟಕ್ಕೆ ಒಪ್ಪಬಹುದು ಅಂತ ಹೇಳಿದ್ದನ್ನು ಕೇಳಿದ್ದೀರಿ. ಆಗ ಎದುರು ಪಕ್ಷದ ವಕೀಲರ ಆಫೀಸಿನಿಂದಲೇ ನಿಮಗೆ ಇಂಟರ್‌ವ್ಯೂ ಕರೆ ಬರುತ್ತದೆ. ಸಂಬಳ ಜಾಸ್ತಿ. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಕ್ಕಿಲ್ಲ. ಆದರೂ ಆ ಕೇಸು ನಡೆಯುತ್ತಿರುವಾಗ ಆ ಕುರ್ಚಿಯಲ್ಲಿ ಕೂರಬೇಡಿ. ಇಂಟರ್‌ವ್ಯೂನಲ್ಲಿ "ಸದ್ಯ ಏನು ಕೆಲಸ ಮಾಡ್ತಿದ್ದೀರಿ?" ಅಂತ ಕೇಳೋದು ಸಹಜ. ಉತ್ತರದಲ್ಲಿ ಏನು ಜಾರಿಹೋಗುತ್ತದೆ ಅಂತ ನಿಮಗೇ ತಿಳಿಯೋದಿಲ್ಲ.

ಬೇಡ ಅನ್ನುವಾಗಲೂ ಎಚ್ಚರ ಬೇಕು. "ನಿಮ್ಮ ಎದುರಿನ ಆ ಕೇಸು ನಮ್ಮಲ್ಲಿದೆ, ಅದರಲ್ಲಿ ನಾನೇ ಕೆಲಸ ಮಾಡ್ತಿದ್ದೇನೆ, ಇನ್ನೇನು ರಾಜಿ ಮಾತು ನಡೀತಿದೆ" ಅಂತ ವಿವರಿಸಿದರೆ ಸಭ್ಯತೆಯ ಹೆಸರಿನಲ್ಲಿ ಕಕ್ಷಿದಾರನ ಗುಟ್ಟು ಹೊರಗೆ ಹೋಯಿತು. ಹಳೇ ಸಾಕ್ಷ್ಯ ಕಾಯ್ದೆಯ 126ನೇ ಕಲಂ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಆಗಿದೆ. ಕಕ್ಷಿದಾರ ಹೇಳಿದ್ದನ್ನು ಅವನ ಒಪ್ಪಿಗೆ ಇಲ್ಲದೆ ವಕೀಲ ಹೊರಗೆ ಹೇಳುವಂತಿಲ್ಲ. ಕೆಲಸ ಬಿಟ್ಟ ಮೇಲೂ ಈ ಕಟ್ಟು ಬಿಡೋದಿಲ್ಲ. ವಕೀಲರ ಗುಮಾಸ್ತರಿಗೂ ನೌಕರರಿಗೂ ಇದು ಅನ್ವಯ. ಹಾಗಾಗಿ ಇಷ್ಟೇ ಹೇಳಿ: "ಸರ್, ಸದ್ಯದ ಪರಿಸ್ಥಿತಿಯಲ್ಲಿ ನಾನು ಬರೋದು ಸರಿಯಾಗೋದಿಲ್ಲ." ಒಳ್ಳೆಯ ವಕೀಲರು ಮತ್ತೆ ಕೇಳೋದಿಲ್ಲ.

ಈಗ ಹೇಳುವ ಬಗೆ. ನನಗೆ ಬಂದ ಒಂದು ಮೆಸೇಜನ್ನು ಹೆಸರು ಬಿಟ್ಟು ಓದುತ್ತೇನೆ:

"ನಮಸ್ಕಾರ ಸರ್. ಮಂಗಳವಾರ ಸಂಜೆ 6ಕ್ಕೆ ಇಂಟರ್‌ವ್ಯೂಗೆ ಕರೆದಿದ್ದಿರಿ. ನಾನು ಬೇರೆ ಕಡೆ ಸೇರಲು ಒಪ್ಪಿಕೊಂಡಿದ್ದೇನೆ, ಹಾಗಾಗಿ ಬರುವುದಿಲ್ಲ. ಆ ಸಮಯವನ್ನು ಬೇರೆಯವರಿಗೆ ಕೊಡಬಹುದು. ಕರೆದದ್ದಕ್ಕೆ ಧನ್ಯವಾದ."

ಕೆಳಗೆ ಪೂರ್ತಿ ಹೆಸರು. ಇದರಲ್ಲಿ ನನಗೆ ಹಿಡಿಸಿದ್ದು "ಬರುವುದಿಲ್ಲ" ಅನ್ನೋ ಕ್ರಿಯಾಪದ. "ಬರಲಿಕ್ಕೆ ಆಗಲಿಕ್ಕಿಲ್ಲ ಅನಸ್ತದ" ಅಂತ ಬರೆದಿದ್ದರೆ ಆ ಅರ್ಧ ಗಂಟೆಯನ್ನು ನಾನು ಹಿಡಿದೇ ಇಟ್ಟುಕೊಂಡಿರುತ್ತಿದ್ದೆ. ದಿನ, ಸಮಯ ಬರೆದಿದ್ದಾನೆ, ನಾನು ಡೈರಿಯಲ್ಲಿ ಹುಡುಕಬೇಕಾಗಿಲ್ಲ. ಬೇರೆ ಕಡೆ ಅಂದರೆ ಎಲ್ಲಿ ಅಂತ ಹೇಳಿಲ್ಲ, ಹೇಳಬೇಕಾಗಿಯೂ ಇಲ್ಲ.

ಯಾವಾಗ ಹೇಳಬೇಕು? ನಿರ್ಧಾರ ಆದ ದಿನವೇ. ಬೆಳಗಾದರೆ ಇಂಟರ್‌ವ್ಯೂ, ಈಗ ಹೇಳಿದರೆ ಬೈತಾರೆ ಅಂತ ಸುಮ್ಮನಾಗಬೇಡಿ. ಒಂದು ಗಂಟೆ ಮುಂಚೆ ಹೇಳಿದರೂ ಹೇಳದೇ ಇರೋದಕ್ಕಿಂತ ಮೇಲು. ಸಮಯ ಕಡಿಮೆ ಇದ್ದರೆ ಮೆಸೇಜ್ ಬೇಡ, ಫೋನ್ ಮಾಡಿ. ಕೋರ್ಟ್ ಹೊತ್ತಿನಲ್ಲಿ ಬೇಡ. ಬೆಳಿಗ್ಗೆ ಒಂಬತ್ತರೊಳಗೆ, ಇಲ್ಲವೇ ಮಧ್ಯಾಹ್ನ ಊಟದ ಬಿಡುವಿನಲ್ಲಿ.

ಸುಳ್ಳು ಮಾತ್ರ ಹೇಳಬೇಡಿ. ಜ್ವರ, ಅಜ್ಜಿ ತೀರಿಕೊಂಡರು, ರೈಲು ತಪ್ಪಿತು, ಇವೆಲ್ಲ ಬೇಡ. ನಾವು ಕೋರ್ಟಿನಲ್ಲಿ ಎದ್ದು ನಿಂತು ಎಷ್ಟೋ ಮಾತನ್ನು ಬಾಯಿಂದ ಹೇಳುತ್ತೇವೆ. ಸಾಕ್ಷಿ ಬಂದಿದ್ದಾನೆ, ನಕಲು ಕೊಟ್ಟಿದ್ದೇನೆ, ರಾಜಿ ಆಗುತ್ತಿದೆ. ಪ್ರತಿಯೊಂದಕ್ಕೂ ಸಾಹೇಬರು ಅಫಿಡವಿಟ್ ಕೇಳೋದಿಲ್ಲ. ವಕೀಲ ಹೇಳಿದ ಅಂತ ನಂಬುತ್ತಾರೆ. ಆ ನಂಬಿಕೆಯೇ ನಮ್ಮ ಬಂಡವಾಳ. ಅದನ್ನು ಒಂದು ಇಂಟರ್‌ವ್ಯೂ ತಪ್ಪಿಸಿಕೊಳ್ಳೋಕೆ ಖರ್ಚು ಮಾಡಬೇಡಿ. ಕಾರಣ ಹೇಳೋಕೆ ಇಷ್ಟ ಇಲ್ಲದಿದ್ದರೆ ಕಾರಣ ಬಿಟ್ಟುಬಿಡಿ.

ಇನ್ನು ಕಾಕಾನ ಮಾತು. ನಮ್ಮ ಕಡೆ ಇವತ್ತಿಗೂ ಅರ್ಧಕ್ಕರ್ಧ ಇಂಟರ್‌ವ್ಯೂಗಳು ಯಾರೋ ಹೇಳಿ ಕೊಡಿಸಿದ್ದು. ಬೇಡ ಅನ್ನಿಸಿದಾಗ "ಕಾಕಾ, ನೀವ ಹೇಳಿಬಿಡ್ರಿ" ಅಂತ ಅವರ ಕೈಗೆ ಕೊಡೋದು ರೂಢಿ. ಹಾಗೆ ಮಾಡಬೇಡಿ. ಸೀನಿಯರಿಗೆ ನೀವೇ ಹೇಳಿ. ಅದೇ ದಿನ ಕಾಕಾನಿಗೂ ಹೇಳಿ. ಇಲ್ಲದಿದ್ದರೆ ಯಾವುದೋ ಮದುವೆಯಲ್ಲಿ ಸೀನಿಯರ್ ಸಿಕ್ಕಾಗ "ನಮ್ಮ ಹುಡುಗ ಹ್ಯಾಂಗದಾನ್ರಿ?" ಅಂತ ಕಾಕಾ ಕೇಳುತ್ತಾರೆ. ಆಗ ಅವರ ಮುಖ ಏನಾಗಬೇಕು?

ಒಂದು ಕಡೆ ಮಾತ್ರ ನಾನು ಇದ್ಯಾವುದನ್ನೂ ಹೇಳೋದಿಲ್ಲ. ಇಲ್ಲಿರುವ ಹೆಣ್ಣುಮಕ್ಕಳಿಗೆ ಈ ಮಾತು. ಇಂಟರ್‌ವ್ಯೂಗೆ ಕರೆದ ರೀತಿಯೇ ಸರಿ ಕಾಣದಿದ್ದರೆ, ಹೊತ್ತಲ್ಲದ ಹೊತ್ತಿನಲ್ಲಿ ಕರೆದರೆ, ಫೋನಿನಲ್ಲಿ ಬೇಡದ ಪ್ರಶ್ನೆ ಕೇಳಿದರೆ, ನೀವು ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಧನ್ಯವಾದವೂ ಬೇಡ, ಫೋನೂ ಬೇಡ. ಮನೆಯವರಿಗೋ ಮೇಡಮ್‌ಗೋ ಒಂದು ಮಾತು ಹೇಳಿಡಿ. ಮೆಸೇಜ್ ಅಳಿಸಬೇಡಿ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಸಣ್ಣ ಆಫೀಸುಗಳನ್ನು ಬಿಟ್ಟಿಲ್ಲ. ಹತ್ತಕ್ಕಿಂತ ಕಡಿಮೆ ಜನ ಇರುವ ಕಡೆಯ ದೂರನ್ನು ಜಿಲ್ಲೆಯ ಸ್ಥಳೀಯ ಸಮಿತಿ ನೋಡುತ್ತದೆ. ವಕೀಲರ ಬಹಳಷ್ಟು ಆಫೀಸುಗಳು ಅಷ್ಟೇ ಸಣ್ಣವು, ಅದಕ್ಕೇ ಇದು ಗೊತ್ತಿರಲಿ.

ಮುಂದಿನ ಸಾಲಿನಲ್ಲಿ ನನ್ನ ವಯಸ್ಸಿನವರು ಕೂತಿದ್ದೀರಿ. ನಮ್ಮ ಪಾಲಿನದೂ ಇದೆ. ಇಂಟರ್‌ವ್ಯೂ ಮಾಡಿ "ತಿಳಸ್ತೀವಿ" ಅಂದು ತಿಂಗಳುಗಟ್ಟಲೆ ತಿಳಿಸದೇ ಇರುವವರು ನಾವೇ. ಎಷ್ಟು ಕೊಡುತ್ತೇವೆ ಅಂತ ಮೊದಲ ದಿನ ಬಾಯಿಬಿಡದವರೂ ನಾವೇ. ಆ ಗದಗಿನ ಹುಡುಗಿ ಬಂದು ಹೋದ ಮೇಲೆ ನಾನು ಹಳೇ ಡೈರಿ ತೆಗೆದು, ಉತ್ತರ ಕೊಡದೆ ಬಿಟ್ಟ ಅರ್ಜಿಗಳನ್ನು ಹುಡುಕಿದೆ. ಹನ್ನೊಂದು ಇದ್ದವು. ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಬಹಳ ಮಂದಿ ಎಲ್ಲೆಲ್ಲೋ ಸೇರಿಯಾಗಿತ್ತು. "ಪರವಾಗಿಲ್ರಿ ಸರ್, ಈಗರೆ ಹೇಳಿದ್ರೆಲ್ಲ" ಅಂದ ಒಬ್ಬ.

ಕೊನೆಗೆ ಬಂದ ಪ್ರಶ್ನೆಗಳು. ಒಬ್ಬ ವಿದ್ಯಾರ್ಥಿ ಕೇಳಿದ: "ಸರ್, ಒಮ್ಮೆ ಬ್ಯಾಡ ಅಂದಮ್ಯಾಲ ಅದ ಆಫೀಸಿಗೆ ಮತ್ತ ಅರ್ಜಿ ಹಾಕಬಹುದೇನ್ರಿ?" ಧಾರಾಳವಾಗಿ ಹಾಕಬಹುದು. ಹೇಳಿ ಬಿಟ್ಟವರಿಗೆ ಬಾಗಿಲು ತೆರೆದೇ ಇರುತ್ತದೆ. ಹಳೆಯದನ್ನು ಮುಚ್ಚಿಡಬೇಡಿ. "ಎರಡು ವರ್ಷದ ಹಿಂದೆ ಕರೆದಿದ್ದಿರಿ, ಆಗ ಬರೋದಿಲ್ಲ ಅಂದಿದ್ದೆ" ಅಂತ ಮೊದಲ ಸಾಲಿನಲ್ಲೇ ಬರೆಯಿರಿ.

ಇನ್ನೊಬ್ಬಳು ಹಿಂದಿನ ಬೆಂಚಿನಿಂದ ಎದ್ದು ನಿಂತಳು. ದನಿ ಸಣ್ಣಗಿತ್ತು. "ಫೋನ್ ಮಾಡಿದಾಗ ಅವರು ಸಿಟ್ಟಾದರ ಏನ್ ಮಾಡಬೇಕ್ರಿ?"

ಕೇಳಿಸಿಕೊಳ್ಳಿ. ವಾದ ಬೇಡ. ಅವರು ಹೇಳಿ ಮುಗಿಸಿದ ಮೇಲೆ "ನಿಮ್ಮ ಸಮಯ ಹೋಗಬಾರದು ಅಂತ ಫೋನ್ ಮಾಡೀನ್ರಿ ಸರ್" ಅನ್ನಿ, ಇಟ್ಟುಬಿಡಿ. ಅಷ್ಟು ಹೇಳಿದೆ. ಅವಳು ಕೂರಲಿಲ್ಲ. ನಾಳೆ ಬೆಳಿಗ್ಗೆ ತನಗೆ ಧಾರವಾಡದಲ್ಲಿ ಒಂದು ಇಂಟರ್‌ವ್ಯೂ ಇದೆ, ಹೋಗೋದಿಲ್ಲ ಅಂತ ಮೊನ್ನೆಯೇ ನಿರ್ಧಾರ ಮಾಡಿದ್ದೇನೆ, ಇನ್ನೂ ಹೇಳಿಲ್ಲ ಅಂದಳು. ಗಡಿಯಾರ ನೋಡಿದೆ. ಒಂದೂ ಮುಕ್ಕಾಲು. ಇನ್ನೇನು ಕೋರ್ಟಿನಲ್ಲಿ ಊಟಕ್ಕೆ ಏಳುವ ಹೊತ್ತು. ನಂಬರ್ ಇದೆಯಾ ಅಂತ ಕೇಳಿದೆ. ಇದೆ ಅಂದು, ಮೊಬೈಲ್ ಕೈಯಲ್ಲಿ ಹಿಡಿದುಕೊಂಡು ವರಾಂಡಕ್ಕೆ ಹೋದಳು.